ಚದುರಂಗದ ಕಾಳಿನ ಲೆಕ್ಕ: ಕೊನೆಯ ಅಂಕಿ ಐದೋ, ಸೊನ್ನೆಯೋ?

ಪ್ರಶ್ನೆ: ಚದುರಂಗದ ಮೊದಲ ಮನೆಗೆ ಒಂದು ಕಾಳು, ಎರಡನೆಯದಕ್ಕೆ ಎರಡು, ಮೂರನೆಯದಕ್ಕೆ ನಾಲ್ಕು, ಹೀಗೆ ಇಮ್ಮಡಿಸುತ್ತಾ ಹೋದರೆ 64 ಮನೆಗಳಿಗೆ ಒಟ್ಟು 1,84,46,74,40,73,70,95,51,615 ಕಾಳುಗಳು ಬೇಕೆಂದು ಹಳೆಯ ಲೆಕ್ಕದ ಪುಸ್ತಕವೊಂದರಲ್ಲಿ ಓದಿದ್ದೆ. ಮಗನ ಕಂಪ್ಯೂಟರಿನ ಸ್ಪ್ರೆಡ್‌ಶೀಟ್‌ನಲ್ಲಿ ಕೂಡಿಸಿದರೆ 184467440737096ರ ಮುಂದೆ ಐದು ಸೊನ್ನೆಗಳು ಬರುತ್ತವೆ. ಯಾವುದು ಸರಿ? ಇಷ್ಟು ದೊಡ್ಡ ಸಂಖ್ಯೆಯ ಅಪವರ್ತನಗಳನ್ನು ಕಾಗದದ ಮೇಲೆ ಕಂಡುಹಿಡಿಯಲು ಸಾಧ್ಯವೇ?
— ಓದುಗರೊಬ್ಬರು, ಸಾಗರ

ಉತ್ತರ: ಪುಸ್ತಕದ ಸಂಖ್ಯೆಯೇ ಸರಿ. ಸ್ಪ್ರೆಡ್‌ಶೀಟ್ ಸಂಖ್ಯೆಯನ್ನು ಮೊದಲ 15 ಅಂಕಿಗಳಿಗಷ್ಟೇ ದುಂಡಾಗಿಸಿ ತೋರಿಸಿ, ಉಳಿದ ಸ್ಥಾನಗಳಿಗೆ ಸೊನ್ನೆ ತುಂಬುತ್ತದೆ. ನಿಮ್ಮದು 20 ಅಂಕಿಗಳ ಸಂಖ್ಯೆ. ಯಂತ್ರದ ಹಂಗಿಲ್ಲದೆಯೂ ಇದನ್ನು ಪರೀಕ್ಷಿಸಬಹುದು. 2ರ ಘಾತಗಳ ಕೊನೆಯ ಅಂಕಿ 2, 4, 8, 6 ಎಂದು ಸುತ್ತುತ್ತಿರುತ್ತದೆ. 64 ನಾಲ್ಕರಿಂದ ನಿಶ್ಶೇಷವಾಗಿ ಭಾಗವಾಗುವುದರಿಂದ 2⁶⁴ರ ಕೊನೆಯಲ್ಲಿ 6 ಇರಲೇಬೇಕು. ಕಾಳುಗಳ ಮೊತ್ತ ಅದಕ್ಕಿಂತ ಒಂದು ಕಡಿಮೆ, ಆದ್ದರಿಂದ ಕೊನೆಯ ಅಂಕಿ 5.

ಕೊನೆಯಲ್ಲಿ 5 ಇದ್ದ ಮೇಲೆ ಅದು ಅವಿಭಾಜ್ಯವಲ್ಲವೆಂಬುದೂ ಸ್ಪಷ್ಟ. ಅಂಕಿಗಳ ಮೊತ್ತ 87 ಆಗಿರುವುದರಿಂದ 3ರಿಂದಲೂ ಭಾಗವಾಗುತ್ತದೆ, 9ರಿಂದ ಆಗದು. ಆದರೆ ಅಂಕಿಗಳನ್ನು ದಿಟ್ಟಿಸುತ್ತಾ ಕುಳಿತರೆ ಇದಕ್ಕಿಂತ ಮುಂದೆ ಹೋಗುವುದು ಕಷ್ಟ. ಸಂಖ್ಯೆ ಹುಟ್ಟಿದ ಬಗೆಯನ್ನು ನೋಡಬೇಕು. 2⁶⁴ − 1 ಎಂಬುದು ಎರಡು ವರ್ಗಗಳ ವ್ಯತ್ಯಾಸ, ಅಂದರೆ (2³² + 1) × (2³² − 1). ಎರಡನೆಯ ಆವರಣವನ್ನು ಮತ್ತೆ ಹಾಗೆಯೇ ಒಡೆಯಬಹುದು, ಅದರಲ್ಲಿ ಬಂದದ್ದನ್ನು ಇನ್ನೊಮ್ಮೆ. ಕೊನೆಗೆ ಉಳಿಯುವುದು 3 × 5 × 17 × 257 × 65537 × 4294967297.

ಇವುಗಳಲ್ಲಿ ಮೊದಲ ಐದೂ ಅವಿಭಾಜ್ಯಗಳೇ. ಫ್ರಾನ್ಸಿನ ಗಣಿತಜ್ಞ ಫರ್ಮಾ 1640ರಲ್ಲಿ ಈ ಸಾಲನ್ನು ಕಂಡು, ಮುಂದಿನವೂ ಅವಿಭಾಜ್ಯಗಳೇ ಇರಬೇಕೆಂದು ನಂಬಿದ್ದ. ಆರನೆಯದರಲ್ಲೇ ಆ ನಂಬಿಕೆ ಮುರಿಯಿತು: 4294967297 ಎಂಬುದು 641ರಿಂದ ಭಾಗವಾಗುತ್ತದೆಂದು ಗಣಿತಜ್ಞ ಆಯ್ಲರ್ 1732ರಲ್ಲಿ ತೋರಿಸಿದ. ಅವನೇ ಮುಂದೆ ಸಾಧಿಸಿದ ನಿಯಮದ ಪ್ರಕಾರ ಈ ಸಂಖ್ಯೆಯ ಯಾವುದೇ ಅವಿಭಾಜ್ಯ ಅಪವರ್ತನವು 64ರಿಂದ ಭಾಗಿಸಿದಾಗ ಶೇಷ 1 ಉಳಿಸಬೇಕು. ಅಂತಹ ಅವಿಭಾಜ್ಯಗಳನ್ನು ಕ್ರಮವಾಗಿ ಬರೆದರೆ 193, 257, 449, 577, 641 ಬರುತ್ತವೆ. ಮೊದಲ ನಾಲ್ಕು ಹೊಂದುವುದಿಲ್ಲ, ಐದನೆಯದು ಹೊಂದುತ್ತದೆ. ಹತ್ತಂಕಿಯ ಸಂಖ್ಯೆಯನ್ನು ಒಡೆಯಲು ಐದೇ ಭಾಗಾಕಾರಗಳು ಸಾಕಾಗುವುದು ನನಗೆ ಈ ಇಡೀ ಲೆಕ್ಕದ ಅತ್ಯಂತ ಸೊಗಸಾದ ಭಾಗವೆನಿಸುತ್ತದೆ. ಭಾಗಲಬ್ಧ 6700417 ಕೂಡ ಅವಿಭಾಜ್ಯವೇ.

ಹೀಗೆ ನಿಮ್ಮ ಸಂಖ್ಯೆಗೆ ಏಳು ಬೇರೆ ಬೇರೆ ಅವಿಭಾಜ್ಯ ಅಪವರ್ತನಗಳಿವೆ. ಯಾವುದೂ ಎರಡು ಬಾರಿ ಬಾರದ ಕಾರಣ ಒಟ್ಟು ಭಾಜಕಗಳು 2⁷, ಅಂದರೆ 128. ಇನ್ನೊಂದು ಮಾತು: ಮೊದಲ ಐದು ಅವಿಭಾಜ್ಯಗಳಿಗೆ ರೇಖಾಗಣಿತದೊಂದಿಗೂ ನಂಟಿದೆ. 17 ಭುಜಗಳ ಸಮಬಹುಭುಜವನ್ನು ಕೈವಾರ ಮತ್ತು ನೇರಪಟ್ಟಿಯಿಂದಲೇ ರಚಿಸಬಹುದೆಂದು ಗಣಿತಜ್ಞ ಗೌಸ್ 1796ರಲ್ಲಿ ಕಂಡುಕೊಂಡದ್ದು ಈ ಸಾಲಿನ ಮೂರನೆಯ ಸಂಖ್ಯೆಯ ಬಲದಿಂದಲೇ.

641 ಮತ್ತು 6700417 ಇವನ್ನು ನೀವೇ ಗುಣಿಸಿ ನೋಡಬಹುದು. ಗುಣಲಬ್ಧ ಹತ್ತೇ ಅಂಕಿಗಳದ್ದಾದುದರಿಂದ, ಈ ಬಾರಿ ನಿಮ್ಮ ಮಗನ ಸ್ಪ್ರೆಡ್‌ಶೀಟ್ ಕೂಡ ತಪ್ಪುವುದಿಲ್ಲ.