ಆರು ವರ್ಷ ಹಳೆಯ ಟ್ಯಾಬ್ ನಿಧಾನ, ಸಿನಿಮಾ ಮಸುಕು: ಸರಿಹೋಗುತ್ತದೆಯೇ, ಹೊಸದೇ ಬೇಕೇ?

ನಿಮ್ಮ ಪ್ರಶ್ನೆಯನ್ನು ನಾನು ಅರ್ಥ ಮಾಡಿಕೊಂಡದ್ದು ಹೀಗೆ: ಆರು ವರ್ಷ ಹಳೆಯ 10 ಇಂಚಿನ ಆಂಡ್ರಾಯ್ಡ್ ಟ್ಯಾಬ್, 2 ಜಿಬಿ ರ‍್ಯಾಮ್, 32 ಜಿಬಿ ಸ್ಟೋರೇಜ್. ಮನೆಯಲ್ಲಿ ಕೂತು ವೆಬ್ ಓದಲು, ಸಿನಿಮಾ ನೋಡಲು ಮಾತ್ರ ಬೇಕು. ಪುಟ ತೆರೆಯಲು ತಡ, ಸಿನಿಮಾ ಮಸುಕು, ಬ್ಯಾಟರಿ ನಿಲ್ಲುವುದಿಲ್ಲ. ಇದನ್ನೇ ದಾರಿಗೆ ತರಬಹುದೇ, ಟಿವಿಗೆ ಜೋಡಿಸಬಹುದೇ, ಇಲ್ಲ ಹೊಸದನ್ನೇ ಕೊಳ್ಳಬೇಕೇ?

ಈ ಮೂರು ತೊಂದರೆಗಳಿಗೆ ಮೂರು ಬೇರೆ ಬೇರೆ ಕಾರಣಗಳಿವೆ. ಒಂದಕ್ಕೆ ಮಾಡಿದ ಮದ್ದು ಇನ್ನೊಂದಕ್ಕೆ ನಾಟುವುದಿಲ್ಲ. ಫ್ಯಾಕ್ಟರಿ ರೀಸೆಟ್ ಮಾಡಿದರೂ ಸಿನಿಮಾ ಮಸುಕಾಗಿಯೇ ಇದೆ ಎಂದು ಬಹಳ ಜನ ಕೈಚೆಲ್ಲುವುದು ಇದರಿಂದಲೇ. ಒಂದೊಂದನ್ನೇ ಬಿಡಿಸಿ ನೋಡೋಣ.

ಎಲ್ಲಕ್ಕೂ ಮೊದಲು ಟ್ಯಾಬನ್ನು ಸಮತಟ್ಟಾದ ಮೇಜಿನ ಮೇಲೆ ಮಲಗಿಸಿ, ಬಗ್ಗಿ ಅದರ ಅಂಚನ್ನು ನೋಡಿ. ಪರದೆ ಚೌಕಟ್ಟಿನಿಂದ ಕೂದಲೆಳೆಯಷ್ಟಾದರೂ ಎದ್ದಿದೆಯೇ? ಬೆರಳಿನಿಂದ ಮೂಲೆಯನ್ನು ತಳ್ಳಿದರೆ ಬುಗುರಿಯ ಹಾಗೆ ನಡುವಿನ ಮೇಲೆ ತಿರುಗುತ್ತದೆಯೇ? ಬಿಳಿ ಪುಟ ತೆರೆದಾಗ ನಡುವೆ ಒತ್ತಿದಂಥ ಮಚ್ಚೆ ಕಾಣುತ್ತದೆಯೇ? ಇವುಗಳಲ್ಲಿ ಒಂದು ಇದ್ದರೂ ಬ್ಯಾಟರಿ ಉಬ್ಬಿದೆ ಎಂದೇ ತಿಳಿಯಿರಿ. ಒಳಗಿನ ರಾಸಾಯನಿಕ ಒಡೆದು ಅನಿಲ ಆಗಿದೆ. ಆಮೇಲೆ ಅದನ್ನು ಚಾರ್ಜ್‌ಗೆ ಹಾಕಬೇಡಿ, ಪರದೆಯನ್ನು ಒತ್ತಿ ಕೂರಿಸಲು ಹೋಗಬೇಡಿ, ಮಾಮೂಲಿ ಕಸಕ್ಕೂ ಎಸೆಯಬೇಡಿ. ಇ-ತ್ಯಾಜ್ಯ ತೆಗೆದುಕೊಳ್ಳುವವರಿಗೆ ಕೊಡಿ. ಇದೊಂದು ವಿಷಯದಲ್ಲಿ ನಾಳೆ ನೋಡೋಣ ಅನ್ನಬಾರದು.

ಬ್ಯಾಟರಿ ಸಪಾಟಾಗಿದ್ದರೆ ಮುಂದಿನದು ಆಂಡ್ರಾಯ್ಡ್ ಆವೃತ್ತಿ. ಸೆಟ್ಟಿಂಗ್ಸ್‌ನ ಕೊನೆಯಲ್ಲಿ ‘ಅಬೌಟ್ ಟ್ಯಾಬ್ಲೆಟ್’ ತೆರೆದರೆ ಸಿಗುತ್ತದೆ. ಆಂಡ್ರಾಯ್ಡ್ 8 ಮತ್ತು 9ಕ್ಕೆ ಕ್ರೋಮ್‌ನ ಕೊನೆಯ ಆವೃತ್ತಿ 138. 2025ರಲ್ಲಿ ಬಂದ 139ರಿಂದ ಆಂಡ್ರಾಯ್ಡ್ 10 ಬೇಕೇ ಬೇಕು. ಹಳೆಯ ಕ್ರೋಮ್ ನಾಳೆಯೇ ನಿಂತುಹೋಗುವುದಿಲ್ಲ, ಆದರೆ ಭದ್ರತಾ ತೇಪೆಗಳು ಬರುವುದು ನಿಂತಿದೆ. ಅಂಥ ಟ್ಯಾಬ್‌ನಲ್ಲಿ ಬ್ಯಾಂಕಿನ ಕೆಲಸ ಬೇಡ, ಮುಖ್ಯ ಇಮೇಲ್ ಖಾತೆಯೂ ಬೇಡ. ಸಿನಿಮಾ, ಸುದ್ದಿ, ಅಡುಗೆ ವಿಡಿಯೋಗೆ ಬೇರೊಂದು ಖಾತೆ ಮಾಡಿ ಬಳಸಿ. ಇನ್ನೂ ಹಳೆಯದು, ಅಂದರೆ 7.1.1ಕ್ಕಿಂತ ಕೆಳಗಿದ್ದರೆ, ಹಲವು ತಾಣಗಳು ‘ಸಂಪರ್ಕ ಸುರಕ್ಷಿತವಲ್ಲ’ ಎಂದು ಬಾಗಿಲು ಹಾಕುತ್ತವೆ. ತಾಣಗಳಿಗೆ ಸುರಕ್ಷತಾ ಪ್ರಮಾಣಪತ್ರ ಕೊಡುವ ಲೆಟ್ಸ್ ಎನ್‌ಕ್ರಿಪ್ಟ್ ಸಂಸ್ಥೆಯ ಈಗಿನ ಮೂಲ ಪ್ರಮಾಣಪತ್ರ ಆ ಆವೃತ್ತಿಗಳ ಪಟ್ಟಿಯಲ್ಲೇ ಇಲ್ಲ. ಹೊಸ ಆಂಡ್ರಾಯ್ಡ್‌ನಲ್ಲೂ ಇದೇ ಸಂದೇಶ ಬಂದರೆ ದಿನಾಂಕ ನೋಡಿ: ತಿಂಗಳುಗಟ್ಟಲೆ ಡ್ರಾಯರ್‌ನಲ್ಲಿ ಸತ್ತು ಬಿದ್ದಿದ್ದ ಟ್ಯಾಬ್‌ನ ಗಡಿಯಾರ ಎಷ್ಟೋ ವರ್ಷ ಹಿಂದಕ್ಕೆ ಹೋಗಿರುತ್ತದೆ, ಪ್ರಮಾಣಪತ್ರಗಳೆಲ್ಲ ಅದಕ್ಕೆ ತಪ್ಪಾಗಿ ಕಾಣುತ್ತವೆ. ದಿನಾಂಕ ತಿದ್ದಿದರೆ ಸಾಕು.

ಈಗ ನಿಧಾನದ ವಿಷಯ. ಪ್ರೊಸೆಸರ್ ಹಳತಾಯಿತು ಎಂದು ಎಲ್ಲರೂ ಹೇಳುತ್ತಾರೆ, ಆದರೆ ವೆಬ್ ಓದುವ ಕೆಲಸದಲ್ಲಿ ಮೊದಲು ಕೈಕೊಡುವುದು ರ‍್ಯಾಮ್ ಅಥವಾ ಸ್ಟೋರೇಜ್. ಎರಡರ ಲಕ್ಷಣ ಬೇರೆ. ಒಂದು ಪುಟ ಓದುತ್ತಾ ಬ್ರೌಸರ್‌ನಲ್ಲೇ ಇನ್ನೊಂದು ಪುಟಕ್ಕೆ ಹೋಗಿ ಹಿಂತಿರುಗಿದಾಗ ಮೊದಲಿನ ಪುಟ ಬೆಳ್ಳಗಾಗಿ ಮತ್ತೆ ಮೊದಲಿಂದ ಲೋಡ್ ಆದರೆ ರ‍್ಯಾಮ್ ಸಾಲದು ಎಂದರ್ಥ. ಅಕ್ಷರ ಒತ್ತಿದರೆ ಎರಡು ಸೆಕೆಂಡ್ ಬಿಟ್ಟು ಮೂಡುವುದು, ಹಿನ್ನೆಲೆಯಲ್ಲಿ ಆ್ಯಪ್ ಅಪ್‌ಡೇಟ್ ಆಗುತ್ತಿದ್ದರೆ ಇಡೀ ಟ್ಯಾಬ್ ಕಲ್ಲಾಗಿ ನಿಲ್ಲುವುದು, ಇವು ಸ್ಟೋರೇಜ್‌ನ ಲಕ್ಷಣ. ಅಗ್ಗದ ಟ್ಯಾಬ್‌ಗಳಲ್ಲಿರುವ ಇಎಂಎಂಸಿ ಚಿಪ್ ತುಂಬುತ್ತಾ ಬಂದಂತೆ ಬರೆಯುವ ವೇಗ ಕುಸಿಯುತ್ತದೆ, ಯಾಕೆಂದರೆ ಪ್ರತಿ ಸಲವೂ ಹಳೆಯ ಬ್ಲಾಕ್ ಅಳಿಸಿ ಜಾಗ ಮಾಡಿಕೊಂಡೇ ಬರೆಯಬೇಕು. 32 ಜಿಬಿಯಲ್ಲಿ ಕನಿಷ್ಠ 5–6 ಜಿಬಿ ಸದಾ ಖಾಲಿ ಇರಲಿ. ಸಿನಿಮಾ, ಫೋಟೋ ಮೆಮೊರಿ ಕಾರ್ಡ್‌ಗೆ ಹೋಗಲಿ; ಆ್ಯಪ್‌ಗಳು ಮಾತ್ರ ಒಳಗಿರಲಿ.

ರ‍್ಯಾಮ್ ಹೆಚ್ಚಿಸಲು ಬರುವುದಿಲ್ಲ, ಭಾರ ಇಳಿಸಲು ಬರುತ್ತದೆ. ಅದಕ್ಕೆ ನಾನು ಕಂಡ ಅತಿ ದೊಡ್ಡ ಮದ್ದು ಫೈರ್‌ಫಾಕ್ಸ್ ಹಾಕಿ, ಅದರೊಳಗೆ ಯುಬ್ಲಾಕ್ ಒರಿಜಿನ್ ಎಂಬ ಜಾಹೀರಾತು ತಡೆಯುವ ಆಡ್-ಆನ್ ಸೇರಿಸುವುದು. ಇಂದಿನ ಸುದ್ದಿಪುಟದಲ್ಲಿ ಬರಹಕ್ಕಿಂತ ಜಾಹೀರಾತಿನ, ಜಾಡು ಹಿಡಿಯುವ ಸ್ಕ್ರಿಪ್ಟ್‌ಗಳ ತೂಕವೇ ಹೆಚ್ಚು. ಅವು ಲೋಡ್ ಆಗದಿದ್ದರೆ 2 ಜಿಬಿಯ ಟ್ಯಾಬ್ ಕೂಡ ಉಸಿರಾಡುತ್ತದೆ. ಒಮ್ಮೆಗೆ ಮೂರು ನಾಲ್ಕು ಪುಟಕ್ಕಿಂತ ಹೆಚ್ಚು ತೆರೆದಿಡಬೇಡಿ. ತಾಣ ಬ್ರೌಸರ್‌ನಲ್ಲೇ ಚೆನ್ನಾಗಿ ತೆರೆಯುವುದಾದರೆ ಅದರ ಆ್ಯಪ್ ಬೇಡ, ಏಕೆಂದರೆ ಆ್ಯಪ್ ಮುಚ್ಚಿದ ಮೇಲೂ ಹಿನ್ನೆಲೆಯಲ್ಲಿ ಎದ್ದು ಕೂರುತ್ತಿರುತ್ತದೆ. ‘ರ‍್ಯಾಮ್ ಬೂಸ್ಟರ್’, ‘ಕ್ಲೀನರ್’ ಎಂದು ಬರುವ ಆ್ಯಪ್‌ಗಳನ್ನು ದಯವಿಟ್ಟು ಹಾಕಬೇಡಿ. ಅವು ಕೊಂದ ಆ್ಯಪನ್ನು ಸಿಸ್ಟಮ್ ಮತ್ತೆ ಎಬ್ಬಿಸುತ್ತದೆ, ಆ ಹಗ್ಗಜಗ್ಗಾಟದಲ್ಲಿ ಬ್ಯಾಟರಿಯೂ ಹೋಗುತ್ತದೆ, ವೇಗವೂ ಹೋಗುತ್ತದೆ.

ಇನ್ನೊಂದು ಸಣ್ಣ ಕೆಲಸ: ಅದೇ ‘ಅಬೌಟ್ ಟ್ಯಾಬ್ಲೆಟ್’ ಒಳಗಿನ ‘ಬಿಲ್ಡ್ ನಂಬರ್’ ಮೇಲೆ ಏಳು ಸಲ ಒತ್ತಿದರೆ ಡೆವಲಪರ್ ಆಯ್ಕೆಗಳು ತೆರೆಯುತ್ತವೆ. ಅಲ್ಲಿ ಅನಿಮೇಷನ್ ಹೆಸರಿನ ಮೂರು ಸ್ಕೇಲ್‌ಗಳಿವೆ, ಮೂರನ್ನೂ 0.5ಕ್ಕೆ ಇಳಿಸಿ. ಒಳಗಿನ ವೇಗ ಬದಲಾಗುವುದಿಲ್ಲ, ಕಾಯುವ ಹೊತ್ತು ಮಾತ್ರ ಕಡಿಮೆಯಾಗುತ್ತದೆ.

ಇಷ್ಟಕ್ಕೂ ಬಗ್ಗದಿದ್ದರೆ ಫ್ಯಾಕ್ಟರಿ ರೀಸೆಟ್. ಇದರಲ್ಲಿ ಕ್ರಮ ತಪ್ಪಿದರೆ ಟ್ಯಾಬ್ ಬೀಗ ಹಾಕಿಕೊಳ್ಳುತ್ತದೆ. ಮೊದಲು ಫೋಟೋ, ಕಡತ ಬೇರೆಡೆ ನಕಲು ಮಾಡಿ. ಗೂಗಲ್ ಖಾತೆಯ ಪಾಸ್‌ವರ್ಡ್ ನೆನಪಿದೆಯೇ ಎಂದು ಇನ್ನೊಂದು ಸಾಧನದಲ್ಲಿ ಲಾಗಿನ್ ಆಗಿಯೇ ಖಚಿತಪಡಿಸಿಕೊಳ್ಳಿ. ಆಮೇಲೆ ಖಾತೆಯನ್ನು ಟ್ಯಾಬ್‌ನಿಂದ ತೆಗೆಯಿರಿ, ಬ್ಯಾಟರಿ ಅರ್ಧಕ್ಕಿಂತ ಹೆಚ್ಚಿರಲಿ, ಸೆಟ್ಟಿಂಗ್ಸ್ ಒಳಗಿನಿಂದಲೇ ರೀಸೆಟ್ ಕೊಡಿ. ಖಾತೆ ತೆಗೆಯದೆ ಬಟನ್ ಒತ್ತಿ ಹಿಡಿದು ರಿಕವರಿಯಿಂದ ಅಳಿಸಿದರೆ, ಮತ್ತೆ ಶುರುವಾಗುವಾಗ ಹಳೆಯ ಖಾತೆಯ ಪಾಸ್‌ವರ್ಡ್ ಕೇಳಿ ಅಲ್ಲೇ ನಿಂತುಬಿಡುತ್ತದೆ. ರೀಸೆಟ್ ಆದ ಮೊದಲ ಒಂದೆರಡು ಗಂಟೆ ಎಲ್ಲ ಆ್ಯಪ್‌ಗಳೂ ಒಟ್ಟಿಗೆ ಅಪ್‌ಡೇಟ್ ಆಗುವುದರಿಂದ ಮೊದಲಿಗಿಂತಲೂ ನಿಧಾನ ಅನ್ನಿಸುತ್ತದೆ. ಆಗ ತೀರ್ಪು ಕೊಡಬೇಡಿ. ಚಾರ್ಜ್‌ಗೆ ಹಾಕಿ ಬಿಟ್ಟುಬಿಡಿ.

ಸಿನಿಮಾ ಮಸುಕು ಯಾಕೆ ಎಂಬುದಕ್ಕೆ ಒಂದು ಸುಲಭ ಪರೀಕ್ಷೆ ಇದೆ. ಯೂಟ್ಯೂಬ್‌ನಲ್ಲಿ ಯಾವುದಾದರೂ ಮಾಮೂಲಿ ವಿಡಿಯೋ ತೆರೆದು ಗುಣಮಟ್ಟವನ್ನು ಕೈಯಾರೆ 720 ಅಥವಾ 1080ಕ್ಕೆ ಇಡಿ. ಅದು ಸ್ಪಷ್ಟವಾಗಿ ಓಡಿ, ಚಂದಾ ಕಟ್ಟಿ ನೋಡುವ ಸೇವೆ ಮಾತ್ರ ಮಸುಕಾದರೆ ದೋಷ ಇಂಟರ್ನೆಟ್‌ನದಲ್ಲ, ಪರದೆಯದೂ ಅಲ್ಲ. ಅದು ವೈಡ್‌ವೈನ್. ಕಳ್ಳನಕಲು ತಡೆಯಲು ಆಂಡ್ರಾಯ್ಡ್‌ನಲ್ಲಿರುವ ಬೀಗದ ವ್ಯವಸ್ಥೆ ಇದು. ಎಲ್1 ಮಟ್ಟದ ಟ್ಯಾಬ್‌ನಲ್ಲಿ ಚಿತ್ರವನ್ನು ಬಿಡಿಸುವ ಕೆಲಸ ಚಿಪ್‌ನೊಳಗಿನ ಭದ್ರ ಭಾಗದಲ್ಲಿ ನಡೆಯುತ್ತದೆ, ಹಾಗಾಗಿ ಸೇವೆಗಳು ಎಚ್‌ಡಿ ಕೊಡುತ್ತವೆ. ಎಲ್3 ಇದ್ದರೆ ಬರೀ ಸಾಫ್ಟ್‌ವೇರ್ ಬೀಗ, ಆಗ ಹೆಚ್ಚಿನ ಸೇವೆಗಳು 480ರ ಆಸುಪಾಸಿನಲ್ಲೇ ನಿಲ್ಲಿಸುತ್ತವೆ. ‘ಡಿಆರ್‌ಎಂ ಇನ್ಫೋ’ ಎಂಬ ಆ್ಯಪ್ ಹಾಕಿ ‘ಸೆಕ್ಯುರಿಟಿ ಲೆವೆಲ್’ ಸಾಲು ನೋಡಿ. ಎಲ್3 ಅಂತಿದ್ದರೆ ಅದನ್ನು ಎಲ್1 ಮಾಡುವ ಆ್ಯಪ್ ಯಾವುದೂ ಇಲ್ಲ. ಇದೆ ಎನ್ನುವವರನ್ನು ನಂಬಬೇಡಿ. ಎಲ್1 ಇದ್ದ ಟ್ಯಾಬ್ ಕೂಡ ಬೂಟ್‌ಲೋಡರ್ (ಟ್ಯಾಬ್ ಶುರುವಾಗುವಾಗ ಆಂಡ್ರಾಯ್ಡ್ ಎಬ್ಬಿಸುವ ತಂತ್ರಾಂಶ) ಬೀಗ ತೆರೆದರೆ ಎಲ್3ಕ್ಕೆ ಬೀಳಬಹುದು. ಆದ್ದರಿಂದ ಹೊಸ ಆಂಡ್ರಾಯ್ಡ್‌ನ ಆಸೆಗೆ ಕಸ್ಟಮ್ ರೋಮ್, ಅಂದರೆ ಕಂಪನಿಯದಲ್ಲದ ಆಂಡ್ರಾಯ್ಡ್, ಹಾಕುವ ಮೊದಲು ಯೋಚಿಸಿ.

ಯೂಟ್ಯೂಬ್ ಕೂಡ ಮಸುಕೇ ಎಂದರೆ ವೈಫೈ ಕಡೆ ತಿರುಗಿ. 1080 ಸಿನಿಮಾಕ್ಕೆ 5 ಎಂಬಿಪಿಎಸ್ ಸಾಕು, ಆದರೆ ಅದು ತಡೆಯಿಲ್ಲದೆ ಬರಬೇಕು. ಹಳೆಯ ಟ್ಯಾಬ್‌ಗಳಲ್ಲಿ ಹಲವಕ್ಕೆ 2.4 ಗಿಗಾಹರ್ಟ್ಸ್ ಮಾತ್ರ ಗೊತ್ತು. ಬ್ಲೂಟೂತ್ ಹೆಡ್‌ಫೋನ್ ಇರುವುದೂ ಅದೇ ತರಂಗದಲ್ಲಿ, ಮೈಕ್ರೋವೇವ್ ಒಲೆ ಸೋರುವುದೂ ಅದರಲ್ಲೇ. ತಂತಿಯ ಹೆಡ್‌ಫೋನ್ ಹಾಕಿದಾಗ ಚಿತ್ರ ಸರಿಹೋದರೆ ಕಾರಣ ಸಿಕ್ಕಿತು ಎಂದರ್ಥ. ಟ್ಯಾಬ್‌ಗೆ 5 ಗಿಗಾಹರ್ಟ್ಸ್ ಕಂಡರೆ ಅದಕ್ಕೇ ಜೋಡಿಸಿ.

ಕಾರ್ಡ್‌ಗೆ ಹಾಕಿಕೊಂಡ ನಿಮ್ಮದೇ ಕಡತಗಳ ಕತೆ ಬೇರೆ. ಮಾತು ಸರಾಗವಾಗಿ ಓಡುತ್ತಾ ಚಿತ್ರ ಮಾತ್ರ ತಡೆತಡೆದು ಬಂದರೆ, ಹಿಂಬದಿ ಬಿಸಿಯಾದರೆ, ಕಡತ 10 ಬಿಟ್ ಎಚ್‌ಇವಿಸಿ ಅಥವಾ ಎವಿ1 ಎಂಬ ಹೊಸ ವಿಡಿಯೋ ಬಗೆಯದಾಗಿರುತ್ತದೆ. ಅದನ್ನು ಬಿಡಿಸುವ ಯಂತ್ರಾಂಶ ಹಳೆಯ ಚಿಪ್‌ನಲ್ಲಿಲ್ಲ, ಪ್ರೊಸೆಸರ್ ಏದುಸಿರು ಬಿಡುತ್ತಾ ಆ ಕೆಲಸ ಮಾಡುತ್ತಿದೆ. ಕಂಪ್ಯೂಟರ್‌ನಲ್ಲಿ ವಿಡಿಯೋ ಬಗೆ ಬದಲಿಸುವ ಹ್ಯಾಂಡ್‌ಬ್ರೇಕ್ ತಂತ್ರಾಂಶ ತೆರೆದು ಎಚ್.264, 720, ಆರ್‌ಎಫ್ 22, ಎರಡು ಚಾನೆಲ್‌ನ ಎಎಸಿ ಧ್ವನಿ ಎಂದು ಆಯ್ಕೆ ಮಾಡಿ ಬದಲಿಸಿಕೊಳ್ಳಿ. 1280×800ರ ಪರದೆಗೆ ಇದಕ್ಕಿಂತ ದೊಡ್ಡ ಚಿತ್ರದಿಂದ ಲಾಭವಿಲ್ಲ. ಚಿತ್ರ ಬಂದು ಧ್ವನಿಯೇ ಇಲ್ಲವಾದರೆ ಅದು ಡಿಟಿಎಸ್ ಅಥವಾ ಡಾಲ್ಬಿ ಧ್ವನಿ. ವಿಎಲ್‌ಸಿಯಲ್ಲಿ ತೆರೆದರೆ ಕೇಳಿಸುತ್ತದೆ. ಕನ್ನಡ ಸಬ್‌ಟೈಟಲ್ ಬದಲು ಚೌಕಗಳೋ ಪ್ರಶ್ನೆಚಿಹ್ನೆಗಳೋ ಬಂದರೆ ಆ ಕಡತವನ್ನು ನೋಟ್‌ಪ್ಯಾಡ್‌ನಲ್ಲಿ ತೆರೆದು ನೋಡಿ. ಅಲ್ಲಿ ಅಕ್ಷರ ಸರಿಯಾಗಿದ್ದರೆ ಯುಟಿಎಫ್-8 ಆಗಿ ಉಳಿಸಿ, ಅಷ್ಟೇ. ಕಾರ್ಡ್‌ಗೆ ದೊಡ್ಡ ಸಿನಿಮಾ ನಕಲಾಗದೆ ನಡುವೆ ನಿಂತರೆ ಕಾರ್ಡ್ ಫ್ಯಾಟ್32 ಎಂಬ ಹಳೆಯ ಫಾರ್ಮ್ಯಾಟ್‌ನಲ್ಲಿದೆ. ಅದರಲ್ಲಿ ಒಂದು ಕಡತ 4 ಜಿಬಿ ಮೀರುವಂತಿಲ್ಲ.

ಟಿವಿಗೆ ಜೋಡಿಸುವ ಪ್ರಶ್ನೆಯಲ್ಲೇ ನಿಮಗೆ ಒಳ್ಳೆಯ ಸುದ್ದಿ ಇದೆ. ತಂತಿಯ ದಾರಿ ಬಹುಪಾಲು ಮುಚ್ಚಿದೆ: ಮೈಕ್ರೋ ಯುಎಸ್‌ಬಿ ಇದ್ದರೆ ಎಂಎಚ್‌ಎಲ್ (ಯುಎಸ್‌ಬಿ ಕಿಂಡಿಯಿಂದ ಟಿವಿಗೆ ಚಿತ್ರ ಕಳಿಸುವ ಸೌಲಭ್ಯ) ಬೆಂಬಲ ಬೇಕು, ಅದು ಕೆಲವೇ ಟ್ಯಾಬ್‌ಗಳಲ್ಲಿತ್ತು. ಟೈಪ್-ಸಿ ಇದ್ದರೂ ಆಕಾರ ನೋಡಿ ಮೋಸಹೋಗಬೇಡಿ. ಟೈಪ್-ಸಿಯಲ್ಲಿ ಅದೇ ಕೆಲಸ ಮಾಡುವ ಡಿಸ್‌ಪ್ಲೇಪೋರ್ಟ್ ಆಲ್ಟ್ ಮೋಡ್ ಇಲ್ಲದ, ಒಳಗೆ ಯುಎಸ್‌ಬಿ 2.0 ಮಾತ್ರ ಇರುವ ಟ್ಯಾಬ್‌ಗೆ ಮಾಮೂಲಿ ಎಚ್‌ಡಿಎಂಐ ಅಡಾಪ್ಟರ್ ಹಾಕಿದರೆ ಟಿವಿಯಲ್ಲಿ ಏನೂ ಬರುವುದಿಲ್ಲ. ಆದರೆ ಕಾಸ್ಟ್ ಮಾಡುವುದು ಬೇರೆಯೇ ಸಂಗತಿ. ಆ್ಯಪ್‌ನ ಕಾಸ್ಟ್ ಗುರುತು ಒತ್ತಿದಾಗ ಟ್ಯಾಬ್ ಬರೀ ವಿಳಾಸ ಹೇಳುತ್ತದೆ. ಸಿನಿಮಾವನ್ನು ಇಂಟರ್ನೆಟ್‌ನಿಂದ ಎಳೆದುಕೊಳ್ಳುವುದು ಟಿವಿಯೇ, ಬೀಗ ತೆಗೆಯುವುದೂ ಟಿವಿಯೇ. ಹೀಗಾಗಿ 2 ಜಿಬಿ ರ‍್ಯಾಮ್ ಆಗಲಿ, ಎಲ್3 ಆಗಲಿ ಇಲ್ಲಿ ಅಡ್ಡ ಬರುವುದಿಲ್ಲ. ನಿಮ್ಮ ಟ್ಯಾಬ್ 10 ಇಂಚಿನ ರಿಮೋಟ್ ಆಗುತ್ತದೆ. ಸ್ಕ್ರೀನ್ ಮಿರರ್ ಮಾತ್ರ ಬೇಡ. ಅದರಲ್ಲಿ ಟ್ಯಾಬ್ ತನ್ನ ಪರದೆಯನ್ನೇ ಕ್ಷಣಕ್ಷಣಕ್ಕೆ ವಿಡಿಯೋ ಮಾಡಿ ಕಳಿಸಬೇಕು, ಹಳೆಯ ಚಿಪ್ ಸೋಲುತ್ತದೆ, ಬೀಗವಿರುವ ಸಿನಿಮಾ ಕಪ್ಪಾಗಿ ಕಾಣುತ್ತದೆ. ಕಾಸ್ಟ್ ಪಟ್ಟಿಯಲ್ಲಿ ಟಿವಿ ಕಾಣಿಸದಿದ್ದರೆ ಎರಡೂ ಒಂದೇ ನೆಟ್‌ವರ್ಕ್‌ನಲ್ಲಿವೆಯೇ ನೋಡಿ. ಗೆಸ್ಟ್ ನೆಟ್‌ವರ್ಕ್‌ನಲ್ಲಿ ಒಂದು ಸಾಧನ ಇನ್ನೊಂದಕ್ಕೆ ಕಾಣದಂತೆ ರೌಟರ್ ಗೋಡೆ ಹಾಕಿರುತ್ತದೆ.

ಇನ್ನು ಬ್ಯಾಟರಿ. ಎಷ್ಟೋ ಸಲ ಕೆಟ್ಟಿರುವುದು ಬ್ಯಾಟರಿಯಲ್ಲ, ಚಾರ್ಜರ್. ಲೆಕ್ಕ ನೋಡಿ: 7000 ಎಂಎಎಚ್ ಬ್ಯಾಟರಿ 3.8 ವೋಲ್ಟ್‌ನಲ್ಲಿ ಸುಮಾರು 26.6 ವ್ಯಾಟ್-ಗಂಟೆ. ಹಳೆಯ ಫೋನಿನ 5 ವೋಲ್ಟ್, 1 ಆಂಪಿಯರ್ ಚಾರ್ಜರ್ ಕೊಡುವುದು 5 ವ್ಯಾಟ್. ಸೋರಿಕೆ ಸೇರಿದರೆ ತುಂಬಲು ಆರು ಗಂಟೆ ಮೀರುತ್ತದೆ. ಅದೇ ಹೊತ್ತಿಗೆ ಬೆಳಕು ಪೂರ್ತಿ ಇಟ್ಟು ಸಿನಿಮಾ ನೋಡಿದರೆ ಬಂದದ್ದೆಲ್ಲ ಅಲ್ಲೇ ಖರ್ಚು, ಶೇಕಡಾ ಮೇಲೇರುವುದೇ ಇಲ್ಲ. 2 ಆಂಪಿಯರ್ ಚಾರ್ಜರ್ ಮತ್ತು ಗಿಡ್ಡನೆಯ, ದಪ್ಪ ತಂತಿಯ ಕೇಬಲ್ ಹಾಕಿ ಒಮ್ಮೆ ನೋಡಿ. ಹಗಲಿರುಳು ನೂರರಲ್ಲೇ ಪ್ಲಗ್ ಹಾಕಿ ಇಡಬೇಡಿ, ಉಬ್ಬುವುದಕ್ಕೆ ಅದೇ ಹತ್ತಿರದ ದಾರಿ. ಎತ್ತಿಡುವುದಾದರೆ ಅರ್ಧ ಚಾರ್ಜ್‌ನಲ್ಲಿ ಇಡಿ.

ಹೊಸದು ಕೊಳ್ಳುವುದೇ ಆದರೆ ಕ್ಯಾಮೆರಾದ ಮೆಗಾಪಿಕ್ಸೆಲ್ ಕಡೆ ತಿರುಗಿಯೂ ನೋಡಬೇಡಿ. ರ‍್ಯಾಮ್ 4 ಜಿಬಿ ಕನಿಷ್ಠ, 6 ಇದ್ದರೆ ನೆಮ್ಮದಿ. ‘4+4’ ಎಂದು ಬರೆದಿದ್ದರೆ ಎರಡನೆಯ 4 ಸ್ಟೋರೇಜ್‌ನಿಂದ ಎರವಲು ಪಡೆದದ್ದು, ಲೆಕ್ಕಕ್ಕಿಲ್ಲ. ಎಲ್1, 5 ಗಿಗಾಹರ್ಟ್ಸ್, ಇನ್ನೆಷ್ಟು ವರ್ಷ ಭದ್ರತಾ ಅಪ್‌ಡೇಟ್ ಎಂಬ ಮೂರನ್ನೂ ಕೇಳಿ. ಅಡ್ಡ ಹಿಡಿದಾಗ ಸ್ಪೀಕರ್‌ಗಳು ಎಡಕ್ಕೊಂದು ಬಲಕ್ಕೊಂದು ಇರಬೇಕು. ಪರದೆಯ ವಿಷಯದಲ್ಲಿ ಕನ್ನಡ ಓದುವವರು ರಾಜಿ ಮಾಡಿಕೊಳ್ಳಬಾರದು. 10.1 ಇಂಚಿನಲ್ಲಿ 1280×800 ಅಂದರೆ ಇಂಚಿಗೆ ಸುಮಾರು 149 ಚುಕ್ಕಿ, 1920×1200 ಅಂದರೆ ಸುಮಾರು 224. ಇಂಗ್ಲಿಷಿಗೆ ಮೊದಲನೆಯದು ಹೇಗೋ ನಡೆಯುತ್ತದೆ. ‘ಸ್ತ್ರೀ’, ‘ಲಕ್ಷ್ಮಿ’, ‘ರಾಷ್ಟ್ರ’ ಎಂಬಲ್ಲಿ ಒತ್ತಕ್ಷರದ ಕೆಳಗೆ ಇನ್ನೊಂದು ಒತ್ತು ಬರುತ್ತದಲ್ಲ, ಅದು ಮಾತ್ರ ಸಣ್ಣ ಅಕ್ಷರದಲ್ಲಿ ಒಂದು ಬೂದು ಚುಕ್ಕೆಯಾಗಿ ಕಲಸಿಹೋಗುತ್ತದೆ. ಅಂಗಡಿಯಲ್ಲಿ ಈ ಮೂರು ಪದಗಳಿರುವ ಪುಟ ತೆರೆದು ನೋಡಿಯೇ ಆರಿಸಿ. ಕೆಲವು ಐಪ್ಯಾಡ್‌ಗಳ 4:3 ಅಳತೆ ಓದಲು ಚೆಂದ, ಆದರೆ 16:9 ಸಿನಿಮಾ ಪರದೆಯ ಎತ್ತರದ ಮುಕ್ಕಾಲು ಭಾಗ ಮಾತ್ರ ತುಂಬುತ್ತದೆ. 16:10 ಟ್ಯಾಬ್‌ನಲ್ಲಿ ಶೇ. 90 ತುಂಬುತ್ತದೆ.

ನಿಮ್ಮ ಟ್ಯಾಬ್ ಉಬ್ಬಿಲ್ಲದೆ, ಆಂಡ್ರಾಯ್ಡ್ 10 ಇದ್ದರೆ ನಾನಂತೂ ಹೊಸದಕ್ಕೆ ಹಣ ಹಾಕಿ ಎನ್ನುವುದಿಲ್ಲ: ಓದಲು ಫೈರ್‌ಫಾಕ್ಸ್, ಸಿನಿಮಾಕ್ಕೆ ಟಿವಿಗೆ ಕಾಸ್ಟ್. 9 ಅಥವಾ ಅದಕ್ಕಿಂತ ಹಳೆಯದಾದರೆ ಕಾರ್ಡ್‌ನಿಂದ ಸಿನಿಮಾ ನೋಡಲು ಇಟ್ಟುಕೊಳ್ಳಿ, ಬ್ಯಾಂಕು, ಇಮೇಲ್‌ನಂಥ ವೆಬ್ ಕೆಲಸಕ್ಕೆ ಬೇರೆ ನೋಡಿ. ಆಂಡ್ರಾಯ್ಡ್ ಆವೃತ್ತಿ, ಡಿಆರ್‌ಎಂ ಇನ್ಫೋದಲ್ಲಿ ಕಂಡ ಮಟ್ಟ, ಚಾರ್ಜರ್ ಮೇಲೆ ಅಚ್ಚಾಗಿರುವ ಆಂಪಿಯರ್, ಈ ಮೂರನ್ನು ಇಲ್ಲೇ ಕೆಳಗೆ ಬರೆದರೆ ನಿಮ್ಮದಕ್ಕೆ ಯಾವುದು ಸರಿ ಎಂದು ಖಚಿತವಾಗಿ ಹೇಳುತ್ತೇನೆ.