ತೋಟದ ಆಳುಗಳಿಗೆ ದಿನಾ ಹೇಳಿದರೂ ಬೆಲ್ಟು, ಹೆಲ್ಮೆಟ್ಟು ಹಾಕುವುದಿಲ್ಲ. ಅಭ್ಯಾಸ ಮಾಡಿಸುವುದು ಹೇಗೆ?

ನಾನು ಮೂಡಿಗೆರೆ ಕಡೆಯ ಒಂದು ಕಾಫಿ ತೋಟದಲ್ಲಿ ರೈಟರ್, ಅಂದರೆ ಹಾಜರಿ, ಲೆಕ್ಕ ನೋಡುವವನು. ಮರಗಸಿ (ನೆರಳಿನ ಮರ ಹತ್ತಿ ಕೊಂಬೆ ಕಡಿಯುವುದು), ಕಾಳುಮೆಣಸು ಕೊಯ್ಲು ಎರಡರಲ್ಲೂ ನಿಮ್ಮ ಹಾಗೇ ಹೇಳಿ ಹೇಳಿ ಬಾಯಿ ನೋವು ಬರಿಸಿಕೊಂಡವನು.

ಮೊದಲು ಇದನ್ನು ಯೋಚಿಸಿ. ಬೆಲ್ಟು ಕಟ್ಟಿಕೊಳ್ಳುವ ಹೊತ್ತು ಯಾರ ಲೆಕ್ಕಕ್ಕೆ ಹೋಗುತ್ತದೆ? ನಮ್ಮಲ್ಲಿ ಮೆಣಸಿಗೆ ಕೆಜಿ ಲೆಕ್ಕದ ಕೂಲಿ. ಏಣಿ ಗಟ್ಟಿಯಾಗಿ ಊರಿ, ತುದಿಯನ್ನು ಮರಕ್ಕೆ ಬಿಗಿದು, ಬೆಲ್ಟು ಹಾಕಿಕೊಂಡು ಹತ್ತುವಷ್ಟರಲ್ಲಿ ಪಕ್ಕದವನು ಅರ್ಧ ಬಳ್ಳಿ ಮುಗಿಸಿರುತ್ತಾನೆ. ಆಮೇಲೆ ನಾವು ಭಾಷಣ ಮಾಡಿದರೆ ಯಾರು ಕೇಳುತ್ತಾರೆ?

ಒಂದು ವರ್ಷ ಮಾರ್ಚ್ 4ಕ್ಕೆ ರಾಷ್ಟ್ರೀಯ ಸುರಕ್ಷತಾ ದಿನ ಅಂತ ಬ್ಯಾನರ್ ಕಟ್ಟಿ, ಎಲ್ಲರ ಕೈಯಲ್ಲಿ ಪ್ರಮಾಣ ಮಾಡಿಸಿದೆವು. ಮಧ್ಯಾಹ್ನದೊಳಗೆ ಏಣಿ ಮೆಟ್ಟಿಲು ಮುರಿದು ಒಬ್ಬ ಬಿದ್ದ. ಕಾಫಿ ಗಿಡದ ಮೇಲೆ ಬಿದ್ದಿದ್ದರಿಂದ ಕೈ ಮುರಿದುಕೊಂಡು ಉಳಿದ. ಆ ಮೆಟ್ಟಿಲು ಸಡಿಲ ಅಂತ ಹಿಂದಿನ ದಿನವೇ ಇಬ್ಬರಿಗೆ ಗೊತ್ತಿತ್ತಂತೆ! ಹೇಳಿದ್ದರೆ ಏಣಿ ಹೋಗುತ್ತಿತ್ತು, ಏಣಿ ಹೋದರೆ ಆವತ್ತಿನ ಕೂಲಿಯೂ ಹೋಗುತ್ತಿತ್ತು. ಸುಮ್ನಿದ್ದರು.

ಆಮೇಲೆ ಸಾಹುಕಾರರನ್ನು ಒಪ್ಪಿಸಿ ಎರಡು ಏಣಿ ಹೆಚ್ಚಿಗೆ ತರಿಸಿದೆ. ಏಣಿ ಕೆಟ್ಟಿದೆ ಅಂದವನಿಗೆ ಆ ಹೊತ್ತಿನ ಕೂಲಿ ಕಡಿತ ಇಲ್ಲ. ಬೆಳಿಗ್ಗೆ ಹಾಜರಿ ಹಾಕಿದ ಮೇಲೆ ಹತ್ತು ನಿಮಿಷ ಏಣಿ, ಹಗ್ಗ ನೋಡುವುದಕ್ಕೆ, ಅದಕ್ಕೂ ದುಡ್ಡು. ಮಾತಾಡುವುದು ನಾನಲ್ಲ. ದಿನಕ್ಕೊಬ್ಬರನ್ನು ಕೇಳುತ್ತೇನೆ, ಇವತ್ತು ಕೆಲಸಕ್ಕೆ ಹೋಗುವ ತೋಟದ ಭಾಗದಲ್ಲಿ ಕರೆಂಟ್ ತಂತಿ ಎಲ್ಲಿದೆ ಅಂತ. ಮೊದಲ ವಾರ ನಕ್ಕರು. ಅಸ್ಸಾಮಿನಿಂದ ಬಂದವರಿಗೆ ನನ್ನ ಕನ್ನಡ ಅರ್ಥ ಆಗುತ್ತಿರಲಿಲ್ಲ, ಸುಮ್ನೆ ತಲೆಯಾಡಿಸುತ್ತಿದ್ದರು. ಈಗ ಅವರಲ್ಲೇ ಒಬ್ಬ ಹೇಳುತ್ತಾನೆ.

ತಂತಿ ಯಾಕೆ ಅಂದರೆ, ನಮ್ಮ ಕಡೆ ಜೀವ ತೆಗೆಯುವುದು ಅದೇ. ಅಲ್ಯೂಮಿನಿಯಂ ಏಣಿ ಹಗುರ, ಎಲ್ಲರಿಗೂ ಅದೇ ಬೇಕು. ನಿಲ್ಲಿಸಿದ ಹಾಗೇ ಎತ್ತಿಕೊಂಡು ಮೆಣಸಿನ ಬಳ್ಳಿ ಹಬ್ಬಿದ ಒಂದು ಸಿಲ್ವರ್ ಓಕ್ ಮರದಿಂದ ಇನ್ನೊಂದಕ್ಕೆ ಹೋಗುತ್ತಾರೆ, ಕಣ್ಣು ಕಾಲಡಿ ಇರುತ್ತದೆ, ಮೇಲೆ 11 ಸಾವಿರ ವೋಲ್ಟಿನ ಲೈನು. ಅಲ್ಲಿ ಹೆಲ್ಮೆಟ್ಟೂ ಇಲ್ಲ, ಬೆಲ್ಟೂ ಇಲ್ಲ, ಯಾವುದೂ ಕಾಯುವುದಿಲ್ಲ. ಹಸಿ ಬಿದಿರಿನ ಏಣಿಯನ್ನೂ ನಂಬುವಂತಿಲ್ಲ. ಅದಕ್ಕೇ ಲೈನಿನ ಹತ್ತಿರದ ಮರಗಳಿಗೆಲ್ಲ ಕೆಂಪು ಬಣ್ಣ ಬಳಿದಿದ್ದೇವೆ. ಕರೆಂಟ್ ಕಂಪನಿ ಮೆಸ್ಕಾಂನವರಿಗೆ ಹೇಳಿ, ಲೈನ್‌ಮನ್ ಬಂದು ಆಫ್ ಮಾಡಿದ ದಿನ ಮಾತ್ರ ಆ ಮರ ಮುಟ್ಟುವುದು. ಕರೆಂಟ್ ಹೋಗಿದೆ ಅಂತ ಹತ್ತಿಬಿಡುವ ಹಾಗಿಲ್ಲ, ಹೋದದ್ದು ಯಾವಾಗ ಬೇಕಾದರೂ ಬರುತ್ತದಲ್ವಾ? ಬೇರೆ ಕಡೆಯೂ ಏಣಿ ಮಲಗಿಸಿಕೊಂಡೇ ಸಾಗಿಸಬೇಕು.

ಬೆಲ್ಟಿನದ್ದು ಒಂದು ಮಾತು. ಕೊಕ್ಕೆಯನ್ನು ಏಣಿಗೆ ಹಾಕಿದರೆ ಏಣಿ ಜೊತೆ ಮನುಷ್ಯನೂ ಬೀಳುತ್ತಾನೆ. ಮರಕ್ಕೇ ಹಾಕಿಸಿ. ಮೊದಲು ಮೇಸ್ತ್ರಿಗೆ ಹಾಕಿಸಿ. ನಮ್ಮ ಮೇಸ್ತ್ರಿ "ಮೂವತ್ತು ವರ್ಷದಿಂದ ಹತ್ತಿದೀನಿ, ನಂಗೇನಾಗಿದೆ" ಅನ್ನುತ್ತಿದ್ದವರು. ಅವರು ಕಟ್ಟಿಕೊಳ್ಳುವವರೆಗೆ ಒಬ್ಬನೂ ಕಟ್ಟಲಿಲ್ಲ.

ಹೆಲ್ಮೆಟ್ ಮಾತ್ರ ನನಗೂ ಇನ್ನೂ ಪೂರ್ತಿ ಆಗಿಲ್ಲ. ಬಿಸಿಲು ಜಾಸ್ತಿಯಾದರೆ ತೆಗೆದು, ಉದುರಿದ ಮೆಣಸು ಆರಿಸಿ ಅದರಲ್ಲೇ ತುಂಬುತ್ತಾರೆ.