ಉದ್ದ ಬ್ಯಾರಲ್ ಅಂದ್ರೆ ಗುರಿ ಪಕ್ಕಾ ಅಂತೇನಿಲ್ಲ

ನೀವು ಕೇಳಿದ್ದು ಇಷ್ಟೇ ಅಲ್ವಾ: 50 ಮೀಟರ್ ಟಾರ್ಗೆಟ್ ಅಭ್ಯಾಸಕ್ಕೆ ಒಂದು .22 (ಗುಂಡಿನ ಅಗಲ ಸುಮಾರು 0.22 ಇಂಚು, ಅಂದರೆ 5.6 ಮಿ.ಮೀ.) ರೈಫಲ್ ಬೇಕು, ಒಂದೇ ಮಾಡೆಲ್ 18 ಇಂಚಿನ ಬ್ಯಾರಲ್‌ನಲ್ಲೂ (ಗುಂಡು ಓಡಿ ಹೊರಬರುವ ಕೊಳವೆ) ಇದೆ, 24 ಇಂಚಿನದರಲ್ಲೂ ಇದೆ, ಯಾವುದು ತಗೊಳ್ಳಲಿ ಅಂತ. ಮೇಲೆ ನಾಲ್ಕು ಜನ ಕಣ್ಣು ಮುಚ್ಚಿ 24 ಅಂದಿದ್ದಾರೆ. ನಾನು ಒಪ್ಪುವುದಿಲ್ಲ. ಸ್ಕೋಪ್ (ಗುರಿ ನೋಡುವ ದುರ್ಬೀನು) ಹಾಕಿ ಹೊಡೆಯುವವರಾದರೆ 18 ಧಾರಾಳ ಸಾಕು. ಸ್ಕೋಪ್ ಇಲ್ಲದೆ ಬರೀ ಸೈಟ್‌ನಲ್ಲಿ (ಗುರಿ ಹಿಡಿಯಲು ರೈಫಲ್ ಮೇಲೆ ಹಿಂದೊಂದು, ಮುಂದೊಂದು ಇರುವ ಗುರುತು) ಹೊಡೆಯುವುದಾದರೆ ಕಥೆ ಬೇರೆ, ಅದನ್ನು ಕೆಳಗೆ ಹೇಳುತ್ತೇನೆ.

ಇಲ್ಲಿ ವೇಗ ಮತ್ತು ಗುರಿ ಎರಡನ್ನೂ ಕಲಸಿಬಿಟ್ಟಿದ್ದೇವೆ. ಬ್ಯಾರಲ್ ಉದ್ದ ಇದ್ದಷ್ಟೂ ಮದ್ದು ಉರಿದು ಬರುವ ಗ್ಯಾಸ್ ಗುಂಡನ್ನು ಹಿಂದಿನಿಂದ ತಳ್ಳುವ ಹೊತ್ತು ಜಾಸ್ತಿ, ಹಾಗಾಗಿ ವೇಗ ಏರುತ್ತದೆ. ಇದು ನಿಜ. .308ರಂಥ ದೊಡ್ಡ ತೋಟಾದಲ್ಲಿ ಬ್ಯಾರಲ್ ಒಂದು ಇಂಚು ಕಮ್ಮಿಯಾದರೆ ವೇಗ ಸೆಕೆಂಡಿಗೆ ಸುಮಾರು 20ರಿಂದ 30 ಅಡಿ ಇಳಿಯುತ್ತದೆ. ಆದರೆ .22ರಲ್ಲಿ ಮದ್ದು ಇರುವುದೇ ಒಂದು ಚಿಟಿಕೆ. ಗುಂಡು ಸುಮಾರು 16 ಇಂಚು ಓಡುವಷ್ಟರಲ್ಲಿ ಅದರ ಜೋರು ಮುಗಿದಿರುತ್ತದೆ. ಆಮೇಲಿನ ಉದ್ದದಲ್ಲಿ ಗುಂಡು ಸುಮ್ನೆ ಉಜ್ಜಿಕೊಂಡು ಹೋಗುತ್ತದೆ, ಕೆಲವು ತೋಟಾಗಳಲ್ಲಿ ವೇಗ ಚೂರು ಕಮ್ಮಿಯೇ ಆಗುತ್ತದೆ.

'ಉದ್ದ ಬ್ಯಾರಲ್ ಗುಂಡನ್ನು ಜಾಸ್ತಿ ತಿರುಗಿಸುತ್ತದೆ' ಅಂತ ಒಬ್ಬರು ಬರೆದಿದ್ದಾರೆ. ಹಾಗಾಗುವುದಿಲ್ಲ. ಗುಂಡು ಎಷ್ಟು ಜೋರಾಗಿ ತಿರುಗುತ್ತದೆ ಅನ್ನುವುದು ಬ್ಯಾರಲ್ ಒಳಗಿನ ಸುರುಳಿ ಗೀರುಗಳ ತಿರುವಿನ ಮೇಲೆ ಮತ್ತು ಗುಂಡಿನ ವೇಗದ ಮೇಲೆ ನಿಂತಿದೆ. .22ರಲ್ಲಿ ಸಾಮಾನ್ಯವಾಗಿ 16 ಇಂಚಿಗೆ ಒಂದು ಸುತ್ತು. ತಿರುವು ಅಷ್ಟೇ, ವೇಗ ಅಷ್ಟೇ ಅಂದಮೇಲೆ 18 ಇಂಚಿನ ಬಾಯಿಂದ ಹೊರಬಿದ್ದರೂ 24 ಇಂಚಿನದರಿಂದ ಬಿದ್ದರೂ ತಿರುಗುವ ಜೋರು ಒಂದೇ.

ಈಗ ಗುರಿಯ ಮಾತು. ಐದು ಗುಂಡು ಒಂದೇ ಜಾಗಕ್ಕೆ ಬೀಳಬೇಕು ಅಂದರೆ ಐದಕ್ಕೂ ವೇಗ ಒಂದೇ ಥರ ಇರಬೇಕು, ಐದು ಸಲವೂ ಬ್ಯಾರಲ್ ಒಂದೇ ಥರ ಅಲುಗಬೇಕು. ಹೌದು, ಹೊಡೆದಾಗ ಬ್ಯಾರಲ್ ಅಲುಗುತ್ತದೆ. ನಂಬಿಕೆ ಬರದಿದ್ದರೆ ಒಂದು ಸ್ಟೀಲ್ ಸ್ಕೇಲ್ ತಗೊಳ್ಳಿ. ಮೇಜಿನ ಅಂಚಿನಿಂದ 15 ಸೆಂ.ಮೀ. ಹೊರಗೆ ಬಿಟ್ಟು, ಹಿಂದಿನ ಭಾಗ ಗಟ್ಟಿಯಾಗಿ ಒತ್ತಿ ಹಿಡಿದು, ತುದಿಯನ್ನು ಬೆರಳಲ್ಲಿ ಮೀಟಿ. ಝುಂಯ್ ಅಂತ ಸಣ್ಣಗೆ ನಡುಗಿ ನಿಲ್ಲುತ್ತದೆ. ಈಗ 25 ಸೆಂ.ಮೀ. ಹೊರಗೆ ಎಳೆದು ಮೀಟಿ. ದಡಬಡ ಅಂತ ಮೇಲೆ ಕೆಳಗೆ ಹೊಡೆದುಕೊಳ್ಳುತ್ತದೆ. ದಪ್ಪ ಅಷ್ಟೇ ಇದ್ದು ಉದ್ದ ಮಾತ್ರ 18ರಿಂದ 24 ಇಂಚಿಗೆ ಹೋದರೆ, ಅದೇ ಒತ್ತಡಕ್ಕೆ ತುದಿ ಬಾಗುವುದು ಎರಡೂಕಾಲು ಪಟ್ಟಿಗೂ ಜಾಸ್ತಿ. ಅದೇ ದಪ್ಪ ಎರಡು ಪಟ್ಟಾದರೆ ಬಿಗಿ ಸುಮಾರು 16 ಪಟ್ಟು ಏರುತ್ತದೆ. ಅದಕ್ಕೇ ಮೇಜಿನ ಮೇಲಿಟ್ಟು ಹೊಡೆಯುವವರು ಉದ್ದ ನೋಡುವುದಿಲ್ಲ, ದಪ್ಪ ನೋಡುತ್ತಾರೆ. (ನಿಂತು ಹೊಡೆಯುವವರಿಗೆ ಮೂತಿ ಸ್ವಲ್ಪ ಭಾರ ಇದ್ದರೆ ಕೈ ನಿಲ್ಲುತ್ತದೆ, ಅದು ಬೇರೆ ವಿಷಯ.)

ಸ್ಕೋಪ್ ಇಲ್ಲದವರಿಗೆ ಉದ್ದದಿಂದ ನಿಜವಾದ ಲಾಭ ಇದೆ. ಹಿಂದಿನ ಸೈಟಿಗೂ ಮುಂದಿನ ಸೈಟಿಗೂ 50 ಸೆಂ.ಮೀ. ಅಂತರ ಇದೆ ಅಂದುಕೊಳ್ಳಿ. ಜೋಡಿಸುವಾಗ ಮುಂದಿನದು 0.1 ಮಿ.ಮೀ., ಅಂದರೆ ಒಂದು ತಲೆಕೂದಲಿನಷ್ಟು ಪಕ್ಕಕ್ಕೆ ಸರಿದರೆ 50 ಮೀಟರ್‌ನಲ್ಲಿ ಗುಂಡು 10 ಮಿ.ಮೀ. ಪಕ್ಕಕ್ಕೆ ಬೀಳುತ್ತದೆ. ಅಂತರ 75 ಸೆಂ.ಮೀ. ಆದರೆ ಅದೇ ತಪ್ಪಿಗೆ 6.7 ಮಿ.ಮೀ. ಮಾತ್ರ. ಮೂರು ಮಿಲಿಮೀಟರಿಗೆ ಏನು ಅಂತೀರಾ? 50 ಮೀಟರ್ ರೈಫಲ್ ಟಾರ್ಗೆಟ್‌ನಲ್ಲಿ ಹತ್ತರ ವೃತ್ತದ ಅಗಲ 10.4 ಮಿ.ಮೀ., ತೂತಿನ ಅಂಚು ತಾಗಿದರೂ ಹತ್ತು ಸಿಗುತ್ತದೆ. ಲೆಕ್ಕ ಹಾಕಿ ನೋಡಿ, ಮೊದಲನೆಯದು ಒಂಬತ್ತು, ಎರಡನೆಯದು ಹತ್ತು.

ಆದರೆ ಇಲ್ಲೂ ಲಾಭ ಸೈಟ್‌ಗಳ ಅಂತರದ್ದೇ ಹೊರತು ಬ್ಯಾರಲ್‌ದಲ್ಲ. ಸ್ಪರ್ಧೆಯಲ್ಲಿ ಹೊಡೆಯುವವರು ಬ್ಯಾರಲ್ ಬಾಯಿಯ ಮುಂದೆ ಖಾಲಿ ಕೊಳವೆ ಸಿಕ್ಕಿಸಿ ಅದರ ತುದಿಗೆ ಮುಂದಿನ ಸೈಟ್ ಇಡುತ್ತಾರೆ. ಗುಂಡು ಆ ಕೊಳವೆಗೆ ತಾಗುವುದೇ ಇಲ್ಲ. 10 ಮೀಟರ್ ಏರ್ ರೈಫಲ್‌ನಲ್ಲೂ ಹೀಗೇ. ಅಲ್ಲಿ ಹತ್ತು ಅಂದರೆ ಅರ್ಧ ಮಿಲಿಮೀಟರಿನ ಚುಕ್ಕಿ. ಅದನ್ನು ಹೊಡೆಯುವ ಹಲವು ರೈಫಲ್‌ಗಳ ಒಳಗಿನ ಬ್ಯಾರಲ್ ಸುಮಾರು 42 ಸೆಂ.ಮೀ. ಮಾತ್ರ, ಹೊರಗಿನಿಂದ ನೋಡಿದರೆ ಉದ್ದ ಕಾಣುತ್ತದೆ ಅಷ್ಟೇ.

ದೂರ ಹೊಡೆಯುವವರಿಗೆ, ಅಂದರೆ ದೊಡ್ಡ ತೋಟಾದಲ್ಲಿ 500 ಮೀಟರ್ ದಾಟಿದಾಗ, ವೇಗ ಬೇಕೇ ಬೇಕು. ಗಾಳಿಗೆ ಸಿಗುವ ಹೊತ್ತು ಕಮ್ಮಿಯಾಗುತ್ತದೆ. ನಿಮ್ಮ 50 ಮೀಟರಿಗೆ ಉಲ್ಟಾ. ಹೈ ವೆಲಾಸಿಟಿ .22 ಶಬ್ದದ ವೇಗ, ಅಂದರೆ ಸೆಕೆಂಡಿಗೆ ಸುಮಾರು 340 ಮೀಟರ್ ದಾಟಿ ಹೊರಟು, ದಾರಿಯಲ್ಲಿ ಅದಕ್ಕಿಂತ ಕೆಳಗಿಳಿಯುತ್ತದೆ. ಪಕ್ಕದ ಗಾಳಿಗೆ ಇದೇ ಜಾಸ್ತಿ ತಳ್ಳಿಸಿಕೊಳ್ಳುತ್ತದೆ. ಟಾರ್ಗೆಟ್‌ಗೆ ನಿಧಾನದ ಸ್ಟ್ಯಾಂಡರ್ಡ್ ತೋಟಾವೇ ವಾಸಿ.

ನಾನೂ ಒಂದು ಕಾಲಕ್ಕೆ ಉದ್ದದ ಪಾರ್ಟಿಯೇ. ಒಂದು ಹಳೆಯ 26 ಇಂಚಿನ ರೈಫಲ್ ತಗೊಂಡೆ. ಗುಂಡುಗಳು ಅಂಗೈ ಅಗಲಕ್ಕೆ ಚೆದುರಿ ಬೀಳುತ್ತಿದ್ದವು. ತೋಟಾ ಬದಲಿಸಿದೆ, ಸ್ಕೋಪ್ ಬದಲಿಸಿದೆ, ನನ್ನ ಕೈಯನ್ನೇ ಬೈದುಕೊಂಡೆ. ಕೊನೆಗೆ ಒಬ್ಬ ಹಿರಿಯರು ಬೋಲ್ಟ್ (ಬ್ಯಾರಲ್‌ನ ಹಿಂಬದಿ ಮುಚ್ಚುವ ಭಾಗ) ತೆಗೆಸಿ, ಕಿವಿಗೆ ಹಾಕುವ ಹತ್ತಿಕಡ್ಡಿಯನ್ನು ಬ್ಯಾರಲ್ ಬಾಯೊಳಗೆ ಇಟ್ಟು ಸುತ್ತಲೂ ಹೊರಕ್ಕೆ ಎಳೆದರು. ಒಂದೇ ಕಡೆ ಹತ್ತಿಯ ಎಳೆ ಸಿಕ್ಕಿಕೊಂಡಿತು. ಅಂಚು ಸವೆದು ಮುಳ್ಳು ಎದ್ದಿತ್ತು. ಹಿಂದಿನ ಮಾಲೀಕರು ವರ್ಷಗಟ್ಟಲೆ ಕ್ಲೀನಿಂಗ್ ರಾಡನ್ನು ಬಾಯಿ ಕಡೆಯಿಂದಲೇ ತುರುಕಿದ್ದರು. ಗುಂಡು ಹೊರಬೀಳುವಾಗ ಗ್ಯಾಸ್ ಒಂದು ಕಡೆಯಿಂದ ಮೊದಲು ನುಗ್ಗಿದರೆ ಗುಂಡು ವಾಲುತ್ತದೆ. ಗನ್‌ಸ್ಮಿತ್ ಹತ್ತಿರ ಅರ್ಧ ಇಂಚು ಕತ್ತರಿಸಿ ಬಾಯಿ ಹೊಸದಾಗಿ ಮಾಡಿಸಿದೆ. ರೈಫಲ್ ಗಿಡ್ಡ ಆಯಿತು, ಐದು ಗುಂಡೂ ಬಾಟಲಿ ಮುಚ್ಚಳದೊಳಗೆ ಬಂದವು! ಇದನ್ನು ಓದಿ ಮನೆಯಲ್ಲಿ ಗರಗಸ ಹಿಡಿಯಬೇಡಿ ಮಾರಾಯ್ರೇ. ಬಾಯಿ ಸೊಟ್ಟಗಾದರೆ ಬ್ಯಾರಲ್ ಹಾಳು, ಲೈಸೆನ್ಸ್ ಕಾನೂನಿನ ತಂಟೆಯೂ ಮೈಮೇಲೆ ಬರಬಹುದು.

ಹಾಗಾಗಿ ಸ್ಕೋಪ್ ಹಾಕುವುದಾದರೆ 18 ಇಂಚಿನ ದಪ್ಪ ಬ್ಯಾರಲ್ ತಗೊಳ್ಳಿ. ಮೊದಲು ಬಾಯಿಗೆ ಹತ್ತಿಕಡ್ಡಿ ಪರೀಕ್ಷೆ ಮಾಡಿ, ಸ್ಟಾಕ್ (ಭುಜಕ್ಕೆ ಒರಗಿಸುವ ಹಿಡಿ) ಸ್ಕ್ರೂಗಳು ಬಿಗಿ ಇವೆಯಾ ನೋಡಿ. ಆಮೇಲೆ ಐದಾರು ಥರದ ತೋಟಾ ಒಂದೊಂದು ಬಾಕ್ಸ್ ತಂದು, ಮರಳು ಮೂಟೆ ಮೇಲಿಟ್ಟು ಹೊಡೆದು ನೋಡಿ. ಯಾವುದು ಒಟ್ಟಿಗೆ ಬೀಳುತ್ತದೋ ಅದನ್ನೇ ಹಿಡಿಯಿರಿ. ತೋಟಾ ಬದಲಿಸಿದಾಗ ಮೊದಲ ಹತ್ತು ಹದಿನೈದು ಗುಂಡು ಲೆಕ್ಕಕ್ಕೆ ತಗೋಬೇಡಿ, ಹಳೆಯ ತೋಟಾದ ಮೇಣ ಬ್ಯಾರಲ್ ಒಳಗೆ ಇನ್ನೂ ಅಂಟಿಕೊಂಡಿರುತ್ತದೆ.